ಬಿದಿರಿನ ತುದಿಯ ಬಿಳಿ ಬಟ್ಟೆ

ಮೊದಲೇ ಹೇಳಿಬಿಡುತ್ತೇನೆ: ಇವರು ಬದುಕಿದ್ದಾರೆ, ಚೆನ್ನಾಗಿದ್ದಾರೆ. ಇಂಥ ಬರಹ ಕಂಡರೆ ಓದುಗರು ಮೊದಲ ಪ್ಯಾರಾದಲ್ಲೇ ಸಾವಿನ ಸುದ್ದಿ ಹುಡುಕುತ್ತಾರೆ. ಪತ್ರಿಕೆಯಲ್ಲಿ ಅಂಥ ಪ್ಯಾರಾಗಳನ್ನು ಬಹಳ ವರ್ಷ ತಿದ್ದಿದವನು ನಾನು, ಅದರ ರೂಢಿ ಗೊತ್ತಿದೆ. ಈ ಸಲ ಅದು ಬೇಕಾಗಿಲ್ಲ. ಇವರು ಅಂಗಡಿ ಮುಚ್ಚಿದ್ದಾರೆ, ಅಷ್ಟೇ. ಎರಡೂ ಕಣ್ಣಿಗೆ ಪೊರೆ ಬಂದು ಸ್ಕೇಲಿನ ಗೆರೆ ಕಾಣದಾದಾಗ, ಅಫಜಲಪುರದ ತಹಶೀಲ್ ಕಚೇರಿಯ ಎದುರಿನ ಆ ಒಂದೇ ಖೋಲಿಯ ಬಾಗಿಲು ಎಳೆದುಕೊಂಡು ಮನೆಗೆ ನಡೆದರು.

ಊರೆಲ್ಲ ಅವರನ್ನು ನಕ್ಷಾ ಸಾಹೇಬ್ರು ಅನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ. ನಿಜವಾದ ಹೆಸರು ಹಾಕಲೇ ಎಂದು ಕೇಳಿದೆ. "ಬ್ಯಾಡ ತಮ್ಮಾ. ಹೆಸರು ಹಾಕಿದಿ ಅಂದ್ರ ನಾಳಿಗೇ ನಾಕು ಮಂದಿ ಪ್ಲಾನ್ ಹಿಡಕೊಂಡು ಮನಿಗೆ ಬರ್ತಾರ. ಈಗರ ಕಣ್ಣಿಗೆ ರಜಾ ಕೊಟ್ಟೇನಿ" ಎಂದರು. ಹೆಸರಿಲ್ಲದ ಸುದ್ದಿಯನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇವರಿಗಾಗಿ ಒಪ್ಪಿದ್ದೇನೆ.

ಅವರು ಮೊದಲು ಪುರಸಭೆಯಲ್ಲಿ ಓವರ್‌ಸಿಯರ್ ಆಗಿದ್ದರು. ನಿವೃತ್ತಿಯಾದ ಮೇಲೆ ಮನೆ, ಅಂಗಡಿಗಳ ನಕ್ಷೆ ಬರೆಯುವ ಕೆಲಸ ಹಿಡಿದರು. ಎತ್ತರದ ಮರದ ಹಲಗೆ, ಗೆರೆ ಎಳೆಯುವ ಒಂದು ಟೀ ಸ್ಕ್ವೇರ್ ಪಟ್ಟಿ, ಮೊಂಡಾದ ಪೆನ್ಸಿಲ್ಲುಗಳು ತುಂಬಿದ ಉಪ್ಪಿನಕಾಯಿ ಬರಣಿ, ಮೂಲೆಯಲ್ಲಿ ನಿಲ್ಲಿಸಿದ ಮೂರು ಉದ್ದನೆಯ ಬಿದಿರು. ಆ ಬಿದಿರು ಯಾಕೆ ಎಂಬುದು ಮೊದಲ ಸಲ ಬಂದವರಿಗೆ ತಿಳಿಯುತ್ತಿರಲಿಲ್ಲ. ಎರಡನೆಯ ಅಂತಸ್ತಿನ ಮೇಲೆ ಇನ್ನೊಂದು ಏರಿಸಬೇಕು ಎಂದು ಬಂದವರಿಗೆ ಮಾತ್ರ ಅದರ ಉಪಯೋಗ ಗೊತ್ತಾಗುತ್ತಿತ್ತು.

ಪದ್ಧತಿ ಹೀಗಿತ್ತು. ಮಾಲೀಕ ಕೇಳಿದಷ್ಟು ಎತ್ತರಕ್ಕೆ, ಕಟ್ಟಬೇಕಾದ ಜಾಗದಲ್ಲೇ ಬಿದಿರು ನಿಲ್ಲಿಸುವುದು. ಅದರ ತುದಿಗೆ ಒಂದು ತುಂಡು ಬಟ್ಟೆ ಕಟ್ಟುವುದು. ಆಮೇಲೆ ಮಾಲೀಕನನ್ನು ತಮ್ಮ ಹಳೆಯ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರ ಹೊರಗೆ, ಚೌಡಾಪುರದ ರಸ್ತೆಗೆ ಹೋಗುವುದು. ಅಲ್ಲಿ ರಸ್ತೆ ಸಣ್ಣ ದಿಬ್ಬವೊಂದನ್ನು ಹತ್ತಿ ಇಳಿಯುತ್ತದೆ. ದಿಬ್ಬದ ಮೇಲೆ ಒಂದು ಚಹಾದ ಗೂಡಂಗಡಿ. ನಮ್ಮದು ಎರೆಸೀಮೆ, ಗುಡ್ಡವಿಲ್ಲ, ಅಡವಿಯಿಲ್ಲ. ತೊಗರಿ ಎದೆಮಟ್ಟ ನಿಂತ ಕಾಲದಲ್ಲೂ ಅದರಾಚೆ ಊರು ಒಂದೇ ನೋಟಕ್ಕೆ ಕಾಣುತ್ತದೆ. ಅಲ್ಲಿ ಚಹಾ ಕುಡಿಸಿ, "ಈಗ ಊರಿನ ಮಾರಿ ನೋಡ್ರಿ. ನಿಮ್ಮ ಮನಿ ಅದಕ್ಕ ಮೂಗು ಆಗ್ತದೋ, ಮೂಗಿನ ಮ್ಯಾಲಿನ ಗುಳ್ಳಿ ಆಗ್ತದೋ ನೀವ ಹೇಳ್ರಿ" ಎನ್ನುತ್ತಿದ್ದರು.

ಹೆಚ್ಚಿನವರು ತಾವಾಗಿಯೇ ಒಂದು ಅಂತಸ್ತು ಇಳಿಸಿಕೊಂಡು ಬರುತ್ತಿದ್ದರು. ಒಬ್ಬಿಬ್ಬರು ಅಲ್ಲೇ ನಿಂತು ಇನ್ನೊಂದು ಏರಿಸಬೇಕೆಂದದ್ದೂ ಉಂಟು. ಹಾಗೆ ಅಂದವರಿಗೂ ಅವರು ನಕ್ಷೆ ಬರೆದುಕೊಟ್ಟಿದ್ದಾರೆ. ನೋಡಿದ ಮೇಲೆ ನಿರ್ಧಾರ ಮಾಲೀಕನದು. ನೋಡದೆ ಮಾಡಬಾರದು, ಅದೊಂದೇ ಅವರ ಹಟ.

ಬಟ್ಟೆ ಯಾವಾಗಲೂ ಬಿಳಿ. ಅದು ಅವರ ಹಳೆಯ ಧೋತರದ ಅಂಚು. ಅದಕ್ಕೆ ಬರುವ ಮೊದಲು ಮೂರು ತಪ್ಪು ಮಾಡಿದ್ದರು. ಮೊದಲ ಸಲ ದೂರಕ್ಕೆ ಕಾಣಲಿ ಎಂದು ಕೆಂಪು ಬಟ್ಟೆ ಕಟ್ಟಿದರು. ರಸ್ತೆ ಅಗಲ ಮಾಡುವವರು ಗುರುತು ಹಾಕಿದ್ದಾರೆಂದು ತಿಳಿದು ಬಜಾರಿನ ಅಂಗಡಿಯವರೆಲ್ಲ ಕಾಗದಪತ್ರ ಹಿಡಿದುಕೊಂಡು ಬಂದು ಸುತ್ತುವರಿದರು. ಎರಡನೆಯ ಸಲ ಹಸಿರು. ಮಧ್ಯಾಹ್ನದೊಳಗೆ ಯಾರೋ ದರ್ಗಾದಲ್ಲಿ ಹಾಕುವಂತೆ ಬಿದಿರಿನ ಬುಡಕ್ಕೆ ಊದಿನ ಹೊಗೆ ಹಾಕಿ ಸಕ್ಕರೆ ಹಂಚಿದ್ದರು. ಮೂರನೆಯ ಸಲ ಕೇಸರಿ. ಸಂಜೆಗೆ ಹೋದರೆ ಬುಡದಲ್ಲಿ ಎರಡು ತೆಂಗಿನಕಾಯಿ ಹೋಳು, ಕುಂಕುಮ. "ಊದು ಹಾಕಿದಾಕೀನೂ ಅಕೀನ, ಕಾಯಿ ಒಡದಾಕೀನೂ ಅಕೀನ" ಎಂದು ಅವರು ಪಕ್ಕದ ಓಣಿಯ ಮುದುಕಿಯೊಬ್ಬಳನ್ನು ತೋರಿಸಿ ನಗುತ್ತಿದ್ದರು. ಬಿಳಿಗೆ ಬಂದ ದಿನ ಅದೇ ಮುದುಕಿ ಬಿದಿರು ನೋಡಿ ಕೇಳಿದಳಂತೆ: "ಯಪ್ಪಾ, ಯಾರು ಸತ್ರೋ?"

"ಇನ್ನೂ ಯಾರೂ ಸತ್ತಿಲ್ಲಬೇ ಆಯಿ, ಮನಿ ಹುಟ್ಟಾಕತ್ತದ" ಎಂದು ಇವರು ಉತ್ತರ ಕೊಟ್ಟರಂತೆ.

ದೂರದಿಂದ ಕಾಣುವ ಊರಿನ ಅಂಚನ್ನು ಪೆನ್ಸಿಲ್ಲಿನಲ್ಲಿ ಒಂದೇ ಗೆರೆಯಾಗಿ ಎಳೆದು, ಯಾವ ಊರೆಂದು ಗುರುತಿಸಲು ಹೇಳುವುದು ಅವರ ಇನ್ನೊಂದು ಆಟ. ಚಹಾಪುಡಿ ಕಟ್ಟಿ ತಂದ ಪುಡಿಕೆಯ ಕಾಗದವಾದರೂ ಸರಿ. ಎಡದಿಂದ ಗೆರೆ ಹೊರಟು, ಒಂದು ಕಡೆ ದುಂಡಗೆ ಏರಿ, ಇಳಿದು, ಮುಂದೆ ಮೊನಚಾಗಿ ನೆಗೆದು, ಗಿಡಗಳ ಮೇಲೆ ಹರಿದು ಹೋಗುತ್ತಿತ್ತು. "ಯಾವೂರು?" ಆಳಂದ, ಜೇವರ್ಗಿ, ಅಫಜಲಪುರ ಮೂರನ್ನೂ ಅವರು ಕಣ್ಣು ಮುಚ್ಚಿ ಎಳೆಯುತ್ತಿದ್ದರು. ನಾನು ಆಳಂದದವನಾಗಿಯೂ ಮೊದಲ ಸಲ ಆಳಂದವನ್ನು ಜೇವರ್ಗಿ ಎಂದುಬಿಟ್ಟೆ. "ಹುಟ್ಟಿದೂರಿನ ಮಾರಿ ಮರ್ತಂವಾ ಪೇಪರಿನ್ಯಾಗ ಊರಿನ ಸುದ್ದಿ ಏನು ಬರೀತಿ?" ಎಂದು ಎಲ್ಲರೆದುರು ಬೈದರು.

ಯಡ್ರಾಮಿ ತಾಲ್ಲೂಕು ಕೇಂದ್ರವಾದಾಗ ಅವರು ಬಸ್ಸು ಹತ್ತಿ ಹೋಗಿ ಅದರ ಗೆರೆಯನ್ನೂ ಎಳೆದುಕೊಂಡು ಬಂದರು. "ಈಗ ಇದು ಸಣ್ಣದದ. ಕಚೇರಿ ಬರ್ತಾವ, ಕೋರ್ಟು ಬರ್ತದ, ಏರ್ತದ. ಏರಬೇಕು. ಬೆಳೆಯೋ ಕೂಸಿಗೆ ಹಳೇ ಅಂಗಿ ಹಾಕಿದ್ರ ಹರೀತದ" ಎಂದರು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಅವರನ್ನು ಎತ್ತರದ ವೈರಿ ಎಂದು ಊರಲ್ಲಿ ಕೆಲವರು ತಪ್ಪು ತಿಳಿದಿದ್ದರು. ಅವರ ಮಾತು ಇಷ್ಟೇ: ಊರು ಎಷ್ಟು ದೊಡ್ಡದೋ, ಎಂಥದೋ, ಅದು ದೂರದಿಂದಲೇ ತಿಳಿಯಬೇಕು. ಸಣ್ಣ ಊರಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ಎಲ್ಲರದೂ ಆಗಿರಬೇಕು. ಗುಮ್ಮಟ ಇರಲಿ, ಶಿಖರ ಇರಲಿ, ನೀರಿನ ಟಾಕಿ ಇರಲಿ, ಆಸ್ಪತ್ರೆ ಇರಲಿ. ಒಬ್ಬನ ಮನೆ ಎಲ್ಲರ ನೆತ್ತಿಯ ಮೇಲೆ ನಿಂತರೆ ಊರು ತನ್ನ ಬಗ್ಗೆ ಸುಳ್ಳು ಹೇಳಿದ ಹಾಗೆ.

ಈ ಮಾತಿಗೆ ನಾನು ತಕರಾರು ತೆಗೆಯುತ್ತಿದ್ದೆ. ಮೇಲೆ ಕಟ್ಟದಿದ್ದರೆ ಅಡ್ಡ ಕಟ್ಟಬೇಕು, ಅಡ್ಡ ಕಟ್ಟಿದರೆ ತೊಗರಿ ಹೊಲ ಹೋಗುತ್ತದೆ. "ಖರೆ ಅದ" ಎಂದು ಅವರು ಒಪ್ಪುತ್ತಿದ್ದರು. "ಹೆಣ್ಮಕ್ಕಳ ಹಾಸ್ಟೆಲ್ ಐದು ಮಜಲಾ ಬರಲಿ, ನಾನ ನಿಂತು ಬಿದಿರು ಹಿಡೀತೇನಿ." ಸ್ವತಃ ತಾವು ತಪ್ಪಿದ್ದನ್ನೂ ಹೇಳುತ್ತಿದ್ದರು. ನೌಕರಿಯಲ್ಲಿದ್ದಾಗ ನೀರಿನ ಟಾಕಿ ಕಟ್ಟುವ ಜಾಗಕ್ಕೆ ಅವರು ಅಡ್ಡಿ ಮಾಡಿದ್ದರಂತೆ, ಊರಿನ ಮೋರೆ ಕೆಡುತ್ತದೆಂದು. ಆಮೇಲೆ ನೋಡಿದರೆ ಹೊಲಕ್ಕೆ ಹೋದ ಹೆಂಗಸರು ಆ ಟಾಕಿ ನೋಡಿಕೊಂಡೇ ಮನೆಯ ದಿಕ್ಕು ಹಿಡಿಯತೊಡಗಿದ್ದರು. "ಅವತ್ತ ನಾ ಆಫೀಸಿನ್ಯಾಗ ಕುಂತು ನಿರ್ಣಯ ಮಾಡಿದ್ದೆ. ದಿಬ್ಬಕ್ಕ ಹೋಗಿದ್ದಿಲ್ಲ" ಎಂದರು. ಬಿದಿರಿನ ಪದ್ಧತಿ ಹುಟ್ಟಿದ್ದು ಆ ತಪ್ಪಿನಿಂದ.

ನನ್ನ ತಪ್ಪು ಇದಾದ ಎಷ್ಟೋ ವರ್ಷಗಳ ಮೇಲಿನದು. ನಾನಾಗ ಅಫಜಲಪುರ ತಾಲ್ಲೂಕಿನ ವರದಿಗಾರ. ಬೇಳೆ ಮಿಲ್ಲಿನ ಸಾಹುಕಾರರೊಬ್ಬರು ಬಸ್‌ಸ್ಟ್ಯಾಂಡಿನ ಹತ್ತಿರದ ತಮ್ಮ ಎರಡು ಅಂತಸ್ತಿನ ಕಟ್ಟಡವನ್ನು ಏಳಕ್ಕೆ ಏರಿಸುವುದಾಗಿ ಹೇಳಿದರು. ಮುಂಭಾಗಕ್ಕೆಲ್ಲ ಗಾಜು, ಒಳಗೆ ಲಿಫ್ಟು. ಸೋಲಾಪುರದಲ್ಲಿ ಬರೆಸಿಕೊಂಡು ಬಂದ ಬಣ್ಣದ ಚಿತ್ರವನ್ನು ನನ್ನ ಕೈಗೆ ಕೊಟ್ಟರು. ಆ ಚಿತ್ರದಲ್ಲಿ ಕಟ್ಟಡದ ಸುತ್ತ ನಮ್ಮ ಊರಿನಲ್ಲಿಲ್ಲದ ತೆಂಗಿನ ಗಿಡಗಳಿದ್ದವು. ಅದನ್ನೇ ನೋಡಿಕೊಂಡು ನಾನು ಅರ್ಧ ಪುಟ ಬರೆದೆ: ಊರಿಗೆ ಕೊನೆಗೂ ಒಂದು ಕಳೆ ಬರುತ್ತಿದೆ ಎಂದು.

ಮರುದಿನ ನಕ್ಷಾ ಸಾಹೇಬ್ರು ಹೇಳಿಕಳಿಸಿದರು. ಹೋದರೆ ನನ್ನ ವರದಿಯನ್ನು ಕತ್ತರಿಸಿ ಹಲಗೆಯ ಮೇಲೆ ಅಂಟಿಸಿದ್ದರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ತಮ್ಮಾ, ನೀ ಎಲ್ಲಿ ನಿಂತು ನೋಡಿ ಬರ್ದಿ?"

ನಾನು ಕುರ್ಚಿಯಲ್ಲಿ ಕೂತು ಬರೆದಿದ್ದೆ. ಹಾಗಂತ ಹೇಳಿದೆ.

"ಅದಕ್ಕ ಹಂಗ ಬರ್ದಿ. ಕುರ್ಚಿ ಮ್ಯಾಲ ಕುಂತು ನೋಡಿದ್ರ ಎಲ್ಲಾ ಕಟ್ಟಡನೂ ಚಂದ ಕಾಣ್ತಾವ."

ಈಗ ಕಲಬುರಗಿಯ ಕಚೇರಿಯಲ್ಲಿ ಹೊಸ ವರದಿಗಾರರು ಸುದ್ದಿ ತಂದು ಮೇಜಿನ ಮೇಲಿಟ್ಟಾಗ ನಾನು ಕೇಳುವ ಮೊದಲ ಪ್ರಶ್ನೆ ಅದೇ. ಅದು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲ.

ಆದರೆ ಆ ದಿನ ಅವರ ಚಿಂತೆ ನನ್ನ ವರದಿ ಆಗಿರಲಿಲ್ಲ. ಆ ಮಿಲ್ ಸಾಹುಕಾರರು ಅವರ ಬೀಗರು. ಒಬ್ಬಳೇ ಮಗಳನ್ನು ಆ ಮನೆಗೆ ಕೊಟ್ಟಿದ್ದರು. ಏಳು ಅಂತಸ್ತಿನ ನಕ್ಷೆಯನ್ನು ಬೀಗರೇ ಬರೆದುಕೊಡಬೇಕೆಂದು ಸಾಹುಕಾರರ ಆಸೆ. ಇವರು ದಿಬ್ಬಕ್ಕೆ ಬಂದು ನೋಡದ ಹೊರತು ಒಲ್ಲೆ ಎಂದರು. ಸಾಹುಕಾರರಿಗೆ ಅದು ಅವಮಾನವಾಗಿ ಕಂಡಿತು.

"ಕಲಬುರ್ಗಿಯಿಂದ ಹತ್ತು ಮಂದಿ ಎಂಜಿನಿಯರ್ ಬರ್ತಾರ್ರಿ ನನಗ. ಆದ್ರ ಮಂದಿ ಏನಂತಾರ? ಸ್ವಂತ ಬೀಗರ ಕೈ ಹಚ್ಚಲಿಲ್ಲ, ಏನೋ ಐಬು ಇರಬೇಕು ಅಂತಾರ" ಎಂದು ಎದ್ದು ಹೋದರು. ಅಲ್ಲಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಎದುರಿಗೆ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಗೆ ಮಗಳು ತವರಿಗೆ ಬರದಿದ್ದರೆ ಆ ಮನೆಯಲ್ಲಿ ಉಂಡಿ ಕಟ್ಟಿದರೂ ತಿನ್ನುವವರಿಲ್ಲ. ಕಳಿಸುತ್ತೇವೆ ಎಂಬ ಮಾತು ಬೀಗರ ಮನೆಯಿಂದ ಬರಲಿಲ್ಲ.

ನಾನು ನಕ್ಷಾ ಸಾಹೇಬ್ರ ಮನೆಗೆ ಹೋದಾಗ ಅವರ ಹೆಂಡತಿ ಒಳಗಿನಿಂದಲೇ ನನಗೆ ಕೇಳುವ ಹಾಗೆ ಹೇಳಿದರು: "ಊರಿನ ಮಾರಿ ನೋಡಕೋತ ಕುಂದರ್ರಿ ನೀವು. ಮಗಳ ಮಾರಿ ನೋಡೂದು ಬ್ಯಾಡ."

ಅವರು ಕನ್ನಡಕ ತೆಗೆದು ಧೋತರದಿಂದ ಒರೆಸುತ್ತಾ ಕೂತರು. ಅದನ್ನು ಮತ್ತೆ ಮೂಗಿಗೇರಿಸಿ, ಬೀಗರಿಗೆ ಒಂದು ಮಾತು ತಲುಪಿಸು ಎಂದು ನನಗೆ ಹೇಳಿದರು. ಸಾಹುಕಾರರು ಒಂದೇ ಸಲ ದಿಬ್ಬಕ್ಕೆ ಬಂದು ನೋಡಲಿ. ನೋಡಿದ ಮೇಲೂ ಏಳೇ ಬೇಕು ಅಂದರೆ ತಾವೇ ಏಳರ ನಕ್ಷೆ ಬರೆದು, ಕೆಳಗೆ ಹೆಸರೂ ಹಾಕುವುದಾಗಿ ಹೇಳಿದರು. ಅಷ್ಟು ವರ್ಷದ ಪದ್ಧತಿಯನ್ನೂ ಮಗಳ ಪಂಚಮಿಯನ್ನೂ ಅವರು ಒಂದೇ ಬಿದಿರಿಗೆ ಕಟ್ಟಿದ್ದರು.

ಸಾಹುಕಾರರು ಒಪ್ಪಿದರು. ಗೆದ್ದೇ ಗೆಲ್ಲುತ್ತೇನೆಂದು ತಿಳಿದವರ ಹಾಗೆ ಬೇಗ ಒಪ್ಪಿದರು.

ಆ ದಿನ ಮೂರು ಬಿದಿರನ್ನು ಒಂದಕ್ಕೊಂದು ಸೇರಿಸಿ ಬಿಗಿದು, ಹಳೆಯ ಕಟ್ಟಡದ ಮಾಳಿಗೆಯ ಮೇಲೆ ಎತ್ತಿ ನಿಲ್ಲಿಸಿದರು. ನಾಲ್ಕೂ ಕಡೆ ಹಗ್ಗ ಕಟ್ಟಿ ಮಿಲ್ಲಿನ ಹಮಾಲರು ಹಿಡಿದುಕೊಂಡರು. ತುದಿಯಲ್ಲಿ ಬಿಳಿ ಧೋತರದ ಅಂಚು. ನಾವು ಸಾಹುಕಾರರ ಜೀಪಿನಲ್ಲಿ ದಿಬ್ಬಕ್ಕೆ ಹೋದೆವು.

ಇಳಿದು ನೋಡಿದೆವು. ಗುಮ್ಮಟ, ಶಿಖರ, ಟಾಕಿ ಮೂರನ್ನೂ ಕೆಳಗೆ ಬಿಟ್ಟು, ಬರಿಯ ಆಕಾಶದಲ್ಲಿ ಬಿಳಿ ಬಟ್ಟೆ ಹಾರುತ್ತಿತ್ತು.

"ಯವ್ವಾ! ಅದು ನಂದಾ?" ಎಂದರು ಸಾಹುಕಾರರು. ಮೋರೆ ಅರಳಿತ್ತು.

ನಕ್ಷಾ ಸಾಹೇಬ್ರು ಕನ್ನಡಕ ಒರೆಸಿಕೊಂಡರು.

ಅಷ್ಟರಲ್ಲಿ ಗಾಣಗಾಪುರದ ಕಡೆ ಹೋಗುವ ಬಸ್ಸೊಂದು ಗೂಡಂಗಡಿಯ ಮುಂದೆ ನಿಂತಿತು. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು.

"ಅದೇನ್ರಿ ಅಷ್ಟು ಎತ್ತರ?"

"ಯಾರೋ ಏಳು ಮಜಲಾ ಏರಸಾಕತ್ತಾರಂತ."

"ಅವ್ವಯ್ಯ! ಯಾರದೋ ಮಾರಾಯಾ ಅಷ್ಟು ಐಶ್ವರ್ಯ?" ಎಂದಳು ಒಬ್ಬ ಹೆಂಗಸು. ಹಿಂದಿನ ಸೀಟಿನವಳು ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು, ರೆಪ್ಪೆ ಬಡಿಯದೆ ನೋಡಿದಳು. ಬಸ್ಸು ಹೋಯಿತು. ಅದರ ಹಿಂದೆ ಟಂಟಂ ಆಟೋ ಬಂತು, ಅದೂ ನಿಂತಿತು. ಅದರೊಳಗಿನವರೂ ನೋಡಿದರು.

ಸಾಹುಕಾರರ ಮೋರೆಯಲ್ಲಿ ಏನೋ ಇಳಿಯತೊಡಗಿತು.

"ಬೀಗರ" ಎಂದರು ಮೆಲ್ಲಗೆ. "ದಿನಾ ಇಷ್ಟು ಮಂದಿ ನೋಡ್ತಾರೇನ್ರಿ ಇಲ್ಲಿಂದ?"

"ದಿನಾ ನೋಡ್ತಾರ್ರಿ."

"ಇಷ್ಟು ಮಂದಿ ಕಣ್ಣು ತಡಕೊಳ್ಳಾಕ ಎಷ್ಟು ಕುಂಬಳಕಾಯಿ ಕಟ್ಟಬೇಕ್ರಿ ನಾನು? ಮೂರು ಮಜಲಾಕ್ಕ ಒಂದು ಸಾಕು. ಏಳಕ್ಕ ಗಾಡಿ ತುಂಬ ಆಗ್ತಾವ."

ಆಗಲೇ ಅವರ ಫೋನು ಬಡಿಯಿತು. ಮಾಳಿಗೆಯ ಮೇಲಿಂದ ಹಮಾಲನೊಬ್ಬ ಕೂಗುತ್ತಿದ್ದ: "ಸಾಹುಕಾರ್ರ, ಗಾಳಿ ಭಾಳ ಅದ್ರಿ, ಜಲ್ದಿ ನೋಡ್ರಿ. ಇಲ್ಲಾಂದ್ರ ನಾವೂ ಹಾರಿ ಬಂದು ಅಲ್ಲೇ ಚಾ ಕುಡೀತೇವು!"

"ಇಳಸ್ರಲೇ, ಇಳಸ್ರಿ" ಎಂದರು ಸಾಹುಕಾರರು. ಮತ್ತೆ ಬೀಗರ ಕಡೆ ತಿರುಗಿ, "ಮೂರಕ್ಕ ಬರೀರಿ" ಎಂದರು.

ಊರಿನ ಗಾತ್ರ, ಊರಿನ ಗುಣ, ದೂರದಿಂದ ಸುಳ್ಳು ಹೇಳಬಾರದು ಎಂದೆಲ್ಲ ಹೇಳಲು ನಕ್ಷಾ ಸಾಹೇಬ್ರು ಹಿಂದಿನ ದಿನವಿಡೀ ತಯಾರಿ ಮಾಡಿಕೊಂಡಿದ್ದರು. ಅದರಲ್ಲಿ ಒಂದು ಅಕ್ಷರವೂ ಬೇಕಾಗಲಿಲ್ಲ. ಗೂಡಂಗಡಿಯ ಬೆಂಚಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂತು. ನಗುವಿನದೇ ಎಂದು ಬರೆದುಕೊಂಡೆ.

ಪಂಚಮಿಗೆ ಎರಡು ದಿನ ಮೊದಲೇ ಮಗಳು ಬಂದಳು. ಅವರ ಮನೆಯ ತೊಲೆಗೆ ಜೋಕಾಲಿ ಕಟ್ಟಿದ್ದನ್ನು ನಾನೇ ನೋಡಿದೆ. ಎಳ್ಳುಂಡಿ ತಿನ್ನುತ್ತಾ, ಊರಿನ ಅಂತಃಸಾಕ್ಷಿ ಗೆದ್ದಿತು ಎಂದು ಒಂದು ವರದಿ ಮಾಡುತ್ತೇನೆ ಎಂದೆ. ಅವರು ಕೈ ಅಡ್ಡ ಮಾಡಿದರು.

"ನೀ ದಿಬ್ಬದ ಮ್ಯಾಲೇ ನಿಂತಿದ್ದಿಯಲ್ಲ? ಕಂಡದ್ದು ಬರಿ. ಕುಂಬಳಕಾಯಿ ಗೆದ್ದದ. ಹಂಗಂತ ಬರಿ."

ಬರೆಯಲಿಲ್ಲ. ಇವತ್ತು ಬರೆದಿದ್ದೇನೆ. ಆ ಸಾಹುಕಾರರು ಈಗ ಇದನ್ನು ತಾವೇ ಎಲ್ಲರಿಗೂ ಹೇಳಿ ನಗುತ್ತಾರೆ, ಆದ್ದರಿಂದ ಅಡ್ಡಿಯಿಲ್ಲ.

ಪೊರೆ ಬಲಿತಾಗ ಅವರು ಆಪರೇಷನ್ನಿಗೆ ಬಹಳ ದಿನ ಒಪ್ಪಲಿಲ್ಲ. ಕಾಣದೆ ಹೋದರೆ ಎಂಬ ಭಯ. ಅಂಗಡಿ ಮುಚ್ಚಿದ ಮೇಲೆ ಮನೆಯ ಕಟ್ಟೆಯ ಮೇಲೆ ಕೂತು, ಹೋಗಿ ಬಂದವರನ್ನು "ದಿಬ್ಬದಿಂದ ಬಂದ್ರೇನ್ರಿ? ಎಲ್ಲಾ ಬರೋಬ್ಬರಿ ಅದ ಇಲ್ಲೋ?" ಎಂದು ಕೇಳುತ್ತಿದ್ದರಂತೆ. ಕೊನೆಗೆ ಮಗಳೇ ಹಟ ಹಿಡಿದು ಕಲಬುರಗಿಗೆ ಕರೆತಂದು ಒಂದೊಂದಾಗಿ ಎರಡೂ ಕಣ್ಣಿನದು ಮಾಡಿಸಿದಳು. ಕಪ್ಪು ಕನ್ನಡಕ ತೆಗೆಯಲು ವೈದ್ಯರು ಒಪ್ಪಿದ ವಾರ ಅವರು ನನಗೆ ಫೋನು ಮಾಡಿದರು. ಮನೆಯೊಳಗೆ ಎಲ್ಲ ಕಾಣುತ್ತಿದೆ, ಆದರೆ ಅದು ಲೆಕ್ಕಕ್ಕಿಲ್ಲ. ದಿಬ್ಬದಿಂದ ಕಾಣುತ್ತದೋ ಇಲ್ಲವೋ ನೋಡಬೇಕು. ಕಾರು ತಾ.

ಹೊರಡುವ ಮೊದಲು ಮಗಳ ಫೋನು ಬಂತು. ಅವಳ ಮನೆ ಮಾವನವರ ಆ ಕಟ್ಟಡದ ಮೂರನೆಯ ಅಂತಸ್ತಿನಲ್ಲೇ ಇದೆ.

"ಅಣ್ಣಾ, ಮಾಳಿಗಿ ಮ್ಯಾಲ ನಾ ಒಂದು ಬಿಳಿ ಚಾದರ್ ಕಟ್ಟಾಕತ್ತೇನಿ. ಅಪ್ಪಗ ಹೇಳಬ್ಯಾಡ್ರಿ. ಅವ್ರು ತಾವ ಗುರ್ತು ಹಿಡೀಬೇಕು. ಹಿಡೀಲಿಲ್ಲ ಅಂದ್ರ..." ಎಂದು ಫೋನು ಇಟ್ಟಳು.

ದಿಬ್ಬದ ಮೇಲೆ ಕೈ ಹಿಡಿದು ಇಳಿಸಿದೆ. ತೊಗರಿ ಹೂವಾಗಿತ್ತು. ಅವರು ಕನ್ನಡಕವಿಲ್ಲದೆ ನಿಂತು, ಹಳೆಯ ರೂಢಿಯಂತೆ ಎಡಗಡೆಯಿಂದ ಶುರು ಮಾಡಿದರು.

"ಟಾಕಿ ಕಾಣಾಕತ್ತದ."

"ಹೌದ್ರಿ."

"ಗುಮ್ಮಟ. ಅದರ ಪಕ್ಕದ ಬೇವಿನ ಗಿಡ ಬೆಳದದ." ಬೆರಳು ಗಾಳಿಯಲ್ಲಿ ಗೆರೆ ಎಳೆಯುತ್ತಾ ಬಲಕ್ಕೆ ಸರಿಯಿತು. "ಶಿಖರ. ಸುಣ್ಣ ಹೊಡದಾರ, ಚಂದ ಆಗ್ಯದ." ಬೆರಳು ಮುಂದೆ ಹೋಯಿತು. ಬಸ್‌ಸ್ಟ್ಯಾಂಡಿನ ಮೇಲೆ ಬಂದು ನಿಂತಿತು. ಅವರ ಹುಬ್ಬು ಗಂಟಿಕ್ಕಿತು.

ಆಮೇಲೆ ಗದರಿದರು.

"ಏ ತಮ್ಮಾ! ಆ ಬೀಗರ ಮಾಳಿಗಿ ಮ್ಯಾಲ ಬಿಳಿ ಅರಿವಿ ಕಟ್ಟಿದವ್ರು ಯಾರು? ನನ್ನ ಕಣ್ಣು ಹೋದವು ಅಂತ ತಿಳದು ನಾಕನೇ ಮಜಲಾ ಏರಸಾಕತ್ತಾರೇನು? ಗಾಡಿ ತಿರುಗಿಸು!"

ನಾನು ಗೂಡಂಗಡಿಯ ಬೆಂಚಿನ ಮೇಲೆ ಕೂತು ನಗತೊಡಗಿದೆ. ಫೋನು ತೆಗೆದು ಮಗಳ ನಂಬರು ಒತ್ತಿ, ಏನೂ ಹೇಳದೆ, ಅವರು ಬೈಯುತ್ತಿದ್ದದ್ದು ಅವಳಿಗೆ ಕೇಳುವ ಹಾಗೆ ಅವರ ಕಡೆ ಹಿಡಿದೆ.